ಗಾಜಿಲ್ಲದ ತಾತ

ಇನ್ನೊಬ್ಬರ ಮಗುವನ್ನಾದರೂ ಎತ್ತಿಕೊಳ್ಳಬಹುದು, ಇನ್ನೊಬ್ಬರ ಬೆಲೆಬಾಳುವ ವಸ್ತುವನ್ನು ಮಾತ್ರ ಮನೆಯಲ್ಲಿಟ್ಟುಕೊಳ್ಳಬಾರದು. ಮಗು ಅತ್ತರೆ ತಾಯಿಗೆ ಕೊಡಬಹುದು, ವಸ್ತು ಕೆಟ್ಟರೆ ನಾವೇ ಅಳಬೇಕು. ಟಿ. ನರಸೀಪುರದ ನಮ್ಮ ಆಫೀಸಿನ ಮ್ಯಾನೇಜರ್ ವರ್ಗವಾಗಿ ಹೋಗುವಾಗ, ಮನೆ ಸಿಗುವವರೆಗೆ ನಿಮ್ಮಲ್ಲಿರಲಿ ಎಂದು ಒಂದು ಪಟ ಕೊಟ್ಟರು. ಹತ್ತೊಂಬತ್ತನೇ ಶತಮಾನದ್ದಂತೆ. ತಾಮ್ರದ ತಗಡನ್ನು ಸೂಜಿಯಿಂದ ಗೀರಿ, ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದು. ಯಾವನೋ ವಿಲಾಯತಿ ಮುದುಕ ಟೋಪಿ ಹಾಕಿಕೊಂಡು, ತಲೆ ಬಗ್ಗಿಸಿ ಬೂಟು ಹೊಲಿಯುತ್ತಿದ್ದಾನೆ. ಉಸಿರೂ ತಾಗಬಾರದು ಎಂದಿದ್ದರು. ನಂಜನಗೂಡಿನ ನಮ್ಮ ಮನೆಗೆ ಬೈಕಿನಲ್ಲಿ ತರುವಾಗಲೇ ಗಾಜು ಒಡೆಯಿತು. ನಾಳೆ ಬೇರೆ ಹಾಕಿಸಿದರಾಯಿತು ಎಂದು ಚೂರು ತೆಗೆದು ಗೋಡೆಗೆ ತೂಗುಹಾಕಿದೆ. ನನ್ನ ನಾಳೆಗಳ ವಿಚಾರ ನಮ್ಮ ಬೀದಿಗೇ ಗೊತ್ತು.

ಅವ್ವನ ಅಪ್ಪ ಬಿಳಿಗೆರೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಅವರದೊಂದೂ ಫೋಟೋ ಇಲ್ಲ. ಹಿರಿಯರ ಹಬ್ಬದಲ್ಲಿ ಎಲ್ಲರೂ ಫೋಟೋ ಮುಂದೆ ಎಡೆ ಇಟ್ಟರೆ ಅವ್ವ ಬರೀ ಗೋಡೆ ಮುಂದೆ ಇಡುತ್ತಿದ್ದಳು. ಪಟ ಬಂದ ದಿನ, ಇದು ನಮ್ಮಪ್ಪನದಾ ಎಂದು ಕೇಳಿದಳಂತೆ. ನಾನು ಮೊಬೈಲ್ ನೋಡುತ್ತಾ ಹ್ಞೂಂ ಅಂದೆನಂತೆ.

ಮಹಾಲಯ ಅಮಾವಾಸ್ಯೆಯ ದಿನ ಮ್ಯಾನೇಜರ್ ಫೋನ್ ಮಾಡಿ, ಪಟ ಒಯ್ಯಲು ಬರುತ್ತಿದ್ದೇನೆ, ದಾರಿಯಲ್ಲಿದ್ದೇನೆ ಅಂದರು. ನಡುಮನೆಗೆ ಓಡಿದೆ. ಮುದುಕನ ಹಣೆ ಕಾಣದ್ದರಿಂದ ಟೋಪಿಯ ಮೇಲೇ ಮೂರೆಳೆ ವಿಭೂತಿ, ನಡುವೆ ಕುಂಕುಮ. ಮುಂದೆ ಕಜ್ಜಾಯ, ವಡೆ, ಸಾಂಬ್ರಾಣಿ ಹೊಗೆ. ಒರೆಸಿಬಿಡೋಣವೆಂದು ಬಟ್ಟೆ ತಂದೆ. ಅವ್ವಾ, ಇದು ತಾತ ಅಲ್ಲ, ಟೋಪಿ ನೋಡು ಅಂದೆ.

"ಚಳಿಗೆ ಆಕ್ಕಂಡವ್ನೆ ಕಣ್ಲಾ. ಆ ಬಗ್ಗಿದ ಕತ್ತು ನಮ್ಮಪ್ಪಂದೇ."

ಅವಳ ಕಣ್ಣು ತುಂಬಿತ್ತು. ಒರೆಸಲು ತಂದಿದ್ದ ಬಟ್ಟೆಯಿಂದ ನನ್ನ ಬೆವರನ್ನೇ ಒರೆಸಿಕೊಂಡೆ. ನಂಜುಂಡಪ್ಪನಿಗೆ ಹರಕೆಯನ್ನೂ ಹೊತ್ತೆ. ಅಷ್ಟರಲ್ಲಿ ಮ್ಯಾನೇಜರ್ ಒಳಗೇ ಬಂದರು. ಇವ್ನೇ ನಮ್ಮಪ್ಪ ಸಾ, ಉಂಡ್ಕೊಂಡೇ ಓಗಿ ಎಂದು ಅವ್ವ ಚಾಪೆ ಹಾಸಿದಳು. ಅವರು ಪಟ ನೋಡಿದರು, ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. ಕಜ್ಜಾಯಕ್ಕೆ ತುಪ್ಪ ಬಿದ್ದ ಮೇಲೆ ಮುಖದ ಗಂಟು ಒಂದಿಷ್ಟು ಸಡಿಲವಾಯಿತು.

ಕೈತೊಳೆಯುವಾಗ ಮೆಲ್ಲಗೆ ಅಂದರು: "ಅಮ್ಮನ ಎದುರಿಗೆ ಅದನ್ನ ಇಳಿಸೋ ಧೈರ್ಯ ನನಗಿಲ್ಲ ಕಣ್ರೀ. ಇಲ್ಲೇ ಇರಲಿ. ವರ್ಷಾ ವರ್ಷ ಊಟಕ್ಕೆ ಕರೀರಿ. ಗಾಜೊಂದು ಹಾಕಿಸಿಬಿಡಿ."

ಹಾಗಾಗಿ ಈಗ ನಮ್ಮಲ್ಲಿ ಪಟಕ್ಕೊಂದು ಎಲೆ, ಪಟದ ಯಜಮಾನರಿಗೊಂದು ಎಲೆ. ಅಮಾವಾಸ್ಯೆ ಮತ್ತೆ ಹತ್ತಿರ ಬಂತು, ಅವರೂ ಬರುತ್ತಾರೆ, ನನಗೆ ಮತ್ತೆ ನಿದ್ದೆ ಇಲ್ಲ. ನಿನ್ನೆ ಅವ್ವ ಪಟದ ಧೂಳು ಊದುತ್ತಾ ಅಂದಳು: "ನಮ್ಮಪ್ಪ ಸತ್ ಮೇಲೂ ತಲೆ ಎತ್ದೆ ಕೆಲ್ಸ ಮಾಡ್ತಾವ್ನೆ. ನಿನ್ ಕೈಲಿ ಒಂದು ಗಾಜು ಆಕ್ಸಕ್ಕೆ ಆಗ್ನಿಲ್ಲ."