ಅಜ್ಜನ ಎರಡನೇ ಗಾಯ

ಏನನ್ನೇ ಆಗಲಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿಗೆ ಕೇಳಬೇಕು. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ನಿಧಾನಕ್ಕೆ ಕೆಳಗಿಳಿಯಬೇಕು. ಎದುರಿನವನಿಗೆ ತಾನು ಗೆದ್ದೆ ಅನ್ನಿಸುತ್ತದೆ, ನಮಗೆ ಬೇಕಾದ್ದು ನಮಗೆ ಸಿಗುತ್ತದೆ. ಹೊನ್ನಾಳಿಯಲ್ಲಿ ಹಳೇ ಟ್ರ್ಯಾಕ್ಟರ್ ಕೊಡಿಸುವ, ಮಾರಿಸುವ ಕೆಲಸಕ್ಕೆ ನಾನು ಇಳಿದಾಗ ನನ್ನ ಹತ್ತಿರ ಇದ್ದ ಬಂಡವಾಳ ಇದೊಂದೇ. ಇವತ್ತು ಸ್ವಂತ ಶೆಡ್ಡಿದೆ, ಶೆಡ್ಡಿಗೆ ಬೋರ್ಡಿದೆ, ಬೋರ್ಡಿನಲ್ಲಿ ನನ್ನ ಫೋಟೋ ಇದೆ. ಆದ್ದರಿಂದ ಈ ಸಲಹೆಯನ್ನು ಕೇಳಿದವರಿಗೂ ಕೇಳದವರಿಗೂ ಪುಕ್ಕಟೆ ಕೊಡುತ್ತೇನೆ. ಹೆಣ್ಣು ನೋಡಲು ಹೊರಟವರಿಗೂ ಕೊಟ್ಟಿದ್ದೇನೆ, ಹಲ್ಲು ಕೀಳಿಸಲು ಹೊರಟವರಿಗೂ ಕೊಟ್ಟಿದ್ದೇನೆ. ನನ್ನ ಹೆಂಡತಿಯೊಬ್ಬಳು ಮಾತ್ರ ಇದನ್ನು ಒಪ್ಪಿಲ್ಲ. ಅವಳು ಜಗಳೂರು ಕಡೆಯವಳು. ಆ ಕಡೆ ನೀರನ್ನು ಅಳೆದು ಬಳಸಿ ರೂಢಿಯಾಗಿ ಮಾತನ್ನೂ ಹಾಗೇ ಬಳಸುತ್ತಾರೆ. "ನೀವು ಹೇಳಿದ್ರಾಗೆ ಅರ್ಧ ಕಳೆದು ಕೇಳಿಸ್ಕೊಳ್ಳಾಕೆ ಕಲ್ತೀನಿ" ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ನಮ್ಮ ಸಂಸಾರ ಸುಸೂತ್ರವಾಗಿ ನಡೆಯುತ್ತಿರುವುದು ಹೀಗೆ. ಇಂಥ ಸಿದ್ಧಾಂತ ಒಂದೇ ಒಂದು ಕಡೆ ಕೈಕೊಟ್ಟಿತು. ಅದು ನಮ್ಮಜ್ಜನ ಪದಕದ ವಿಷಯದಲ್ಲಿ.

ನಮ್ಮಜ್ಜ ಅರವತ್ತೈದರ ಯುದ್ಧದಲ್ಲಿ ಇದ್ದವರು. ಎಡತೊಡೆಗೆ ಗುಂಡು ತಗುಲಿ, ಮಿಲ್ಟ್ರಿ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದು, ಕೊನೆಗೆ ಸವಳಂಗಕ್ಕೆ ಕುಂಟಿಕೊಂಡು ಬಂದು ಬಸ್ಸಿಳಿದರು. ಬಸ್ ಸ್ಟ್ಯಾಂಡಿನ ಎದುರಿಗೇ ಅವರ ವಾರಿಗೆಯ ಹನುಮಂತಪ್ಪನ ಟೀ ಹೋಟೆಲ್. "ಕಾಲಿಗೇನಾತೋ?" ಎಂದು ಹನುಮಂತಪ್ಪ ಕೇಳಿದ. "ಬಿದ್ದೆ" ಎಂದರು ಅಜ್ಜ. ಅಷ್ಟೇ. ಅವತ್ತು ಇನ್ನೊಂದು ವಾಕ್ಯ ಸೇರಿಸಿದ್ದರೆ ನಮ್ಮ ಮನೆತನದ ಚರಿತ್ರೆಯೇ ಬೇರೆ ಆಗುತ್ತಿತ್ತು. ಆದರೆ ಅಜ್ಜ ಮಾತಿನ ವಿಷಯದಲ್ಲಿ ಬಹಳ ಹಿಡಿತದ ಮನುಷ್ಯ. ಉಪ್ಪು ಕಡಿಮೆಯಾಗಿದ್ದರೂ ಕೇಳದೆ ಉಂಡು ಎದ್ದು ಹೋಗುವವರು. ಅವರು ಬಿಟ್ಟ ವಾಕ್ಯವನ್ನು ಹನುಮಂತಪ್ಪನೇ ತುಂಬಿಕೊಂಡ: ಮಿಲ್ಟ್ರಿ ಲಾರಿಯಿಂದ ಬಿದ್ದಿದ್ದಾನೆ. ಹೋಟೆಲಿನಲ್ಲಿ ಹುಟ್ಟಿದ ಸುದ್ದಿ ಬಸ್ಸು ಹೋದ ಕಡೆಗೆಲ್ಲ ಹೋಯಿತು. ಊರಿನವರು ಅಜ್ಜನಿಗೆ 'ಲಾರಿ ಮಿಲ್ಟ್ರಿ' ಎಂದು ಹೆಸರಿಟ್ಟರು. ಪಿಂಚಣಿ ಬರುತ್ತಿತ್ತಲ್ಲ, ಅದು ಸಾಕ್ಷಿಯಲ್ಲವೇ ಎಂದು ನೀವು ಕೇಳಬಹುದು. ಪಿಂಚಣಿ ಗುಂಡು ತಗುಲಿದವನಿಗೂ ಬರ್ತೈತೆ, ಲಾರಿಯಿಂದ ಬಿದ್ದವನಿಗೂ ಬರ್ತೈತೆ ಎಂಬುದು ಹನುಮಂತಪ್ಪನ ವಾದ. ಅಜ್ಜ ಸಾಯುವವರೆಗೂ ಅದೇ ಹೋಟೆಲಿಗೆ ದಿನಾ ಹೋಗಿ, ಅದೇ ಬೆಂಚಿನ ಮೇಲೆ ಕೂತು ಟೀ ಕುಡಿದರು. ಯಾಕೆ ಹೋಗ್ತೀರಿ ಅಲ್ಲಿಗೆ ಎಂದು ಅಜ್ಜಿ ಸಿಡುಕಿದರೆ, "ಟೀ ಚೆನ್ನಾಗಿರ್ತೈತೆ" ಎನ್ನುತ್ತಿದ್ದರು.

ಅಜ್ಜನಿಗೆ ಬಾರದ ಸಿಟ್ಟೆಲ್ಲ ಅಜ್ಜಿಯ ಪಾಲಿಗೆ ಬಂದಿತ್ತು. ಆದರೂ ಅವಳು ಹನುಮಂತಪ್ಪಜ್ಜನ ಜೊತೆ ಮಾತು ಬಿಟ್ಟಿದ್ದು ಅಜ್ಜ ತೀರಿಕೊಂಡ ದಿನ. ಆತ ಹಾರ ತಂದು ಹಾಕಿ, ನಿಜವಾಗಿಯೂ ಕಣ್ಣೀರು ಒರೆಸಿಕೊಂಡು, ನೆರೆದವರ ಮುಂದೆ, "ಪಾಪ, ಅವತ್ತು ಆ ಲಾರಿ ಹಿಂದಿನ ಡೋರು ಸರಿಯಾಗಿ ಹಾಕಿದ್ರೆ ಇನ್ನೊಂದಿಷ್ಟು ವರ್ಷ ಬದುಕ್ತಿದ್ದ" ಎಂದ. ಸಾಂತ್ವನವೆಂದೇ ಆಡಿದ ಮಾತು ಅದು. ಅಜ್ಜಿ ಅಳುವುದನ್ನು ನಿಲ್ಲಿಸಿ ಆತನನ್ನು ಒಮ್ಮೆ ನೋಡಿದಳು. ಅಲ್ಲಿಂದ ಮುಂದೆ ಆತ ರಸ್ತೆಯ ಈ ಬದಿಗೆ ಬಂದರೆ ಇವಳು ಆ ಬದಿಗೆ ಹೋಗುತ್ತಿದ್ದಳು.

ಹೋದ ವರ್ಷ ತ್ಯಾವಣಿಗೆಯ ಮಾಜಿ ಸೈನಿಕರೊಬ್ಬರು ಟ್ರ್ಯಾಕ್ಟರ್ ನೋಡಲು ನನ್ನ ಶೆಡ್ಡಿಗೆ ಬಂದಿದ್ದರು. ಮಾತಿಗೆ ಮಾತು ಬಂದು, ಶತ್ರುವಿನ ಕೈಯಲ್ಲಿ ಗಾಯಗೊಂಡ ಸೈನಿಕರಿಗೆಂದೇ ಒಂದು ಪದಕ ಇದೆ, ಬದುಕಿದ್ದಾಗ ತೆಗೆದುಕೊಳ್ಳದವರ ಮನೆಯವರೂ ಅರ್ಜಿ ಹಾಕಿ ನೋಡಬಹುದು ಎಂದರು. ಅವರು ಟ್ರ್ಯಾಕ್ಟರ್ ತೆಗೆದುಕೊಳ್ಳಲಿಲ್ಲ, ಆದರೆ ಈ ವಿಷಯ ಬಿಟ್ಟುಹೋದರು. ಅವತ್ತೇ ಸವಳಂಗಕ್ಕೆ ಹೋಗಿ, ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಅದರ ಮ್ಯಾಲೆ ಗುಂಡು ತಗುಲಿ ಗಾಯ ಆತು ಅಂತ ಬರ್ದಿರ್ತೈತಾ?"

"ಆ ಪದಕ ಕೊಡೋದೇ ಅದಕ್ಕೆ ಅಜ್ಜಿ."

"ಹಂಗಾದ್ರೆ ತಂದ್ಕೊಡು. ನಾನು ಸಾಯೋದು ಇರ್ಲಿ. ಆ ಹನುಮಂತಪ್ಪ ಸಾಯೋದ್ರೊಳಗೆ ಬರ್ಬೇಕು."

ಹೀಗೆ, ಒಂದು ಪದಕ ತರುವ ಜವಾಬ್ದಾರಿಯ ಜೊತೆಗೆ ಹನುಮಂತಪ್ಪಜ್ಜನನ್ನು ಜೀವಂತ ಇಡುವ ಜವಾಬ್ದಾರಿಯೂ ನನ್ನ ಹೆಗಲಿಗೆ ಬಿತ್ತು. ಆತನಿಗೆ ಎಂಬತ್ತೈದರ ಮೇಲಾಗಿತ್ತು, ಕೆಮ್ಮಿತ್ತು, ಬೀಡಿಯೂ ಇತ್ತು. ಸವಳಂಗಕ್ಕೆ ಹೋದಾಗಲೆಲ್ಲ ಮೊದಲು ಹೋಟೆಲಿಗೆ ಹೋಗಿ ಆತ ಉಸಿರಾಡುವುದನ್ನು ನೋಡಿಕೊಂಡು ಬರುತ್ತಿದ್ದೆ. ಕೆಮ್ಮಿನ ಔಷಧಿ ತಂದುಕೊಟ್ಟೆ. ಮಳೆಗಾಲದಲ್ಲಿ ಒಂದು ಸ್ವೆಟರ್ ಕೊಡಿಸಿದೆ. ನನ್ನ ಕಾರಿನಲ್ಲೇ ಕೂರಿಸಿಕೊಂಡು ನ್ಯಾಮತಿಯ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆ. "ಮಕ್ಕಳು ಇಷ್ಟು ನೋಡಲ್ಲ ಕಣೋ ಪರ್ಮೇಶಿ. ನಿನಗ್ಯಾಕೋ ನನ್ನ ಮ್ಯಾಲೆ ಇಷ್ಟು ಪ್ರೀತಿ?" ಎಂದು ಆತ ಕೇಳಿದ. ದೊಡ್ಡವರ ಆಶೀರ್ವಾದ ಬೇಕಲ್ಲ ಅಜ್ಜ ಎಂದೆ.

ಇನ್ನು ಅರ್ಜಿಯ ವಿಷಯ. ಚನ್ನಗಿರಿಯಲ್ಲಿ, ತಾಲ್ಲೂಕು ಕಚೇರಿ ಹತ್ತಿರ, ಇಂಥ ಅರ್ಜಿಗಳನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಡುವ ಒಬ್ಬರಿದ್ದಾರೆ ಎಂದು ಕೇಳಿ ಅಲ್ಲಿಗೇ ಹೋದೆ. ಅಜ್ಜನ ಹೆಸರು, ಪಲ್ಟನ್ನು, ನಂಬರು ಎಲ್ಲ ಪಿಂಚಣಿ ಕಾಗದದಲ್ಲಿತ್ತು. ಟೈಪ್ ಮಾಡುವವರು ಗಾಯದ ಕಾಲಮ್ಮಿಗೆ ಬಂದು ಬೆರಳು ನಿಲ್ಲಿಸಿದರು.

"ಎಷ್ಟು ಗಾಯ ಸರ್?"

ಇಲ್ಲೇ ನೋಡಿ ನನ್ನ ಕಸುಬು ಎದ್ದು ಕೂತಿದ್ದು. ಒಂದು ಎಂದರೆ ಸರ್ಕಾರದವರು ಇಳಿಸಿ ಇಳಿಸಿ ಏನೂ ಇಲ್ಲದ ಹಾಗೆ ಮಾಡುತ್ತಾರೆ. ಬಿಟ್ಟುಕೊಡಲು ನಮ್ಮ ಹತ್ತಿರ ಏನಾದರೂ ಇರಬೇಕು.

"ಎರಡು ಹಾಕ್ರಿ" ಎಂದೆ. "ಒಂದು ಎಡತೊಡೆ."

"ಇನ್ನೊಂದು?"

"ಭುಜ."

"ಎಡಾನೋ, ಬಲಾನೋ?"

"ತೊಡೆ ಎಡಗಡೆ ಐತಲ್ಲ, ಭುಜ ಬಲಗಡೆ ಹಾಕ್ರಿ. ಬ್ಯಾಲೆನ್ಸ್ ಇರ್ಲಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಟೈಪ್ ಮಾಡಿದರು. ಓದಲು ಬಾರದ ಅಜ್ಜಿ, ಹೆಬ್ಬೆಟ್ಟು ಒತ್ತುವುದು ಅವಮಾನವೆಂದು ಕಲಿತಿದ್ದ ಮೂರಕ್ಷರದ ಸಹಿಯನ್ನು ನನ್ನ ಮೇಲಿನ ನಂಬಿಕೆಯಿಂದ ಹಾಕಿದಳು. ಮಾಹಿತಿ ಕೊಟ್ಟವನು ಮೊಮ್ಮಗ ಪರಮೇಶ್ವರಪ್ಪ ಎಂದು ಕೆಳಗೆ ನಾನೂ ದೊಡ್ಡದಾಗಿ ಸಹಿ ಹಾಕಿದೆ.

ತಿಂಗಳುಗಳು ಹೋದವು. ಹನುಮಂತಪ್ಪಜ್ಜ ನನ್ನ ಸ್ವೆಟರಿನಲ್ಲಿ ಬೆಚ್ಚಗಿದ್ದ. ಕೊನೆಗೆ ಜಿಲ್ಲೆಯ ಮಾಜಿ ಸೈನಿಕರ ಕಚೇರಿಯಿಂದ ಫೋನ್ ಬಂತು. ಹೋದೆ. ಅಲ್ಲಿನ ಅಧಿಕಾರಿಗಳೂ ಸೈನ್ಯದಲ್ಲಿ ಇದ್ದು ಬಂದವರೇ. ಕೂತಾಗಲೂ ನಿಂತ ಹಾಗೆ ಕಾಣುತ್ತಿದ್ದರು. ಪಲ್ಟನ್ನಿನ ದಾಖಲೆಯಲ್ಲಿ ಈ ಹೆಸರಿನ ಸೈನಿಕನಿಗೆ ಎಡತೊಡೆಯ ಗಾಯ ಒಂದೇ ಇದೆ, ನಿಮ್ಮ ಅರ್ಜಿಯಲ್ಲಿ ಎರಡಿದೆ, ಆದ್ದರಿಂದ ನೀವು ಹೇಳುತ್ತಿರುವ ಸೈನಿಕ ಬೇರೆ ಯಾರೋ ಇರಬಹುದೇ ಎಂದು ಪಲ್ಟನ್ನಿನವರು ಕೇಳಿದ್ದಾರೆ ಎಂದರು.

ನಾನು ಇದಕ್ಕೇ ಕಾಯುತ್ತಿದ್ದೆ. ಮುಖ ಸಪ್ಪಗೆ ಮಾಡಿಕೊಂಡೆ. "ಹೋಗ್ಲಿ ಬಿಡಿ ಸರ್. ನಿಮ್ಮ ಮಾತಿಗೆ ಬೆಲೆ ಕೊಟ್ಟು ಭುಜ ಬಿಟ್ಟುಬಿಡ್ತೀನಿ. ತೊಡೆ ಒಂದೇ ಇಟ್ಕೊಳ್ಳಿ."

ಅವರು ಪೆನ್ನು ಕೆಳಗಿಟ್ಟರು.

"ಏನು ವ್ಯಾಪಾರ ಮಾಡ್ತೀರಿ?"

"ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಸರ್."

"ಹ್ಞೂಂ" ಎಂದರು. "ಇದು ಬಿಡೋದು, ಹಿಡಿಯೋದು ಅಲ್ಲ ಪರಮೇಶ್ವರಪ್ಪ. ಆ ಗಾಯ ಇತ್ತೋ ಇಲ್ಲವೋ ಅಷ್ಟೇ. ಇಲ್ಲ ಅಂದ್ರೆ ಇರಲೇ ಇಲ್ಲ ಅಂತ ನಿಮ್ಮ ಅಜ್ಜಿ ಪ್ರಮಾಣಪತ್ರ ಮಾಡಿಕೊಡಬೇಕು. ಕೊಡದಿದ್ರೆ ಫೈಲ್ ಮುಚ್ಚುತ್ತೆ." ಹೀಗೆಂದು, ದಾಖಲೆಯಲ್ಲಿ ಯಾವ ಗಾಯ ಇದೆ, ಯಾವುದು ಇಲ್ಲ ಎಂಬುದನ್ನು ಕನ್ನಡದಲ್ಲಿ ಬರೆಸಿ, ಸಹಿ ಮಾಡಿ, ಸೀಲು ಒತ್ತಿ ಕೊಟ್ಟರು. ಒಂದು ರೂಪಾಯಿಯ ಚೌಕಾಶಿಗೂ ಜಾಗವಿಲ್ಲದ ಇಂಥ ಮನುಷ್ಯನನ್ನು ನಾನು ವ್ಯವಹಾರದಲ್ಲಿ ನೋಡಿರಲಿಲ್ಲ.

ಅಜ್ಜಿಗೆ ಹೇಳುವುದು ಅದಕ್ಕಿಂತ ಕಷ್ಟವಿತ್ತು. ಹೊನ್ನಾಳಿಯ ನಮ್ಮ ಮನೆಗೆ ಕರೆದುಕೊಂಡು ಬಂದು ಹೇಳಿದೆ. ಕೇಳಿಸಿಕೊಂಡಳು. "ಆ ಭುಜಕ್ಕೆ ಮದುವೆ ಆದಾಗಿಂದ ಎಣ್ಣೆ ತಿಕ್ಕಿದೋಳು ನಾನು" ಎಂದಳು. "ಒಂದು ಗೀರಿರಲಿಲ್ಲ. ಇದ್ದ ಗಾಯಾನೇ ಯಾರೂ ನಂಬ್ತಿಲ್ಲ ಅಂತ ನಾನು ಸಾಯ್ತಿದ್ರೆ ನೀನು ಇಲ್ಲದ್ದೊಂದು ಹಚ್ಚಿ ಬಂದ್ಯಲ್ಲೋ." ನನ್ನ ಹೆಂಡತಿ ಒಳಗಿನಿಂದ, "ಅರ್ಧ ಕಳೀರಿ ಅಂತ ನಾನು ಮೊದ್ಲೇ ಬರೆದು ಕಳಿಸ್ಬೇಕಿತ್ತು" ಎಂದಳು. ಹೊನ್ನಾಳಿಯ ನೋಟರಿಯ ಮುಂದೆ ಅಜ್ಜಿ, ತನ್ನ ಗಂಡನಿಗೆ ಒಂದೇ ಗಾಯವಾಗಿತ್ತೆಂದೂ ಬಲಭುಜ ಕೊನೆಯವರೆಗೂ ಸರಿಯಾಗಿಯೇ ಇತ್ತೆಂದೂ ಸಹಿ ಮಾಡಿದಳು. ಸವಳಂಗಕ್ಕೆ ಬಿಡಲು ಹೋಗುವಾಗ ದಾರಿಯುದ್ದಕ್ಕೂ ಕಿಟಕಿಯ ಆಚೆಗೇ ನೋಡುತ್ತಿದ್ದಳು.

ಪದಕ ಬಂತು. ಸಮಾರಂಭದಲ್ಲಿ ಕೊಡಿಸಬೇಕೆಂದು ಮಂತ್ರಿಗಳಿಗೆ ಮನವಿ ಕೊಟ್ಟಿದ್ದೆ. ಮಂತ್ರಿಗಳನ್ನು ಕೇಳಿದರೆ ತಹಸೀಲ್ದಾರರಾದರೂ ಬರುತ್ತಾರೆ ಎಂಬುದು ನನ್ನ ಲೆಕ್ಕ. ಬಂದದ್ದು ಪೋಸ್ಟ್‌ಮ್ಯಾನ್. ಅಜ್ಜಿ ಪೆಟ್ಟಿಗೆ ಬಿಚ್ಚಿ, ಪದಕವನ್ನು ಸೆರಗಿನಲ್ಲಿ ಒರೆಸಿ, ಸೀರೆ ಬದಲಾಯಿಸಿಕೊಂಡು ಬಂದಳು. "ನಡಿ" ಎಂದಳು. ನಾನು ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಹೊರಟೆ.

ಹೋಟೆಲಿನಲ್ಲಿ ಅಜ್ಜಿ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ತೋರ್ಸು" ಎಂದು ನನಗೆ ಹೇಳಿದಳು. ಹನುಮಂತಪ್ಪಜ್ಜ ಪದಕವನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ಕೆಳಗೆ ಮಾಡಿ ತೂಗಿದ. ಕಣ್ಣಿಗೆ ಪೊರೆ ಬಂದು ಆತನಿಗೆ ಅಕ್ಷರ ಕಾಣುತ್ತಿರಲಿಲ್ಲ.

"ಎಷ್ಟಕ್ಕೆ ತಂದೆ?" ಎಂದ.

"ತಂದಿದ್ದಲ್ಲ ಅಜ್ಜ, ಸರ್ಕಾರ ಕೊಟ್ಟಿದ್ದು."

"ನನ್ನ ತಂಗಿ ಮಗನಿಗೆ ಟ್ರ್ಯಾಕ್ಟರ್ ಕೊಡ್ಸುವಾಗ ನೀನು ಒಬ್ಬನೇ ಓನರ್ ಓಡ್ಸಿದ್ದು ಅಂದಿದ್ದೆ. ಅದರ ಓನರ್‌ಗಳು ಇವತ್ತಿಗೂ ಒಬ್ಬೊಬ್ಬರೇ ಸಿಗ್ತಾ ಅದಾರೆ." ಪದಕವನ್ನು ಮೇಜಿನ ಮೇಲಿಟ್ಟ. "ನೀನು ನನ್ನ ಚೆನ್ನಾಗಿ ನೋಡ್ಕೊಂಡೀಯ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮಜ್ಜ ಬಿದ್ದೆ ಅಂದ. ಆತ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದೋನಲ್ಲ. ನೀನು ಗುಂಡು ಅಂತೀಯ. ನಾನು ಯಾರನ್ನ ನಂಬ್ಲಿ, ನೀನೇ ಹೇಳು."

ಅಭ್ಯಾಸಬಲದಿಂದ ಫೈಲು ಬಿಚ್ಚಿ ಕಾಗದಗಳನ್ನು ಮೇಜಿನ ಮೇಲೆ ಹರಡಿದೆ. ಆಗ ಅಜ್ಜಿ ಒಳಗೆ ಬಂದಳು. ಬಂದು, ಮಾಜಿ ಸೈನಿಕರ ಕಚೇರಿಯ ದೊಡ್ಡ ಸೀಲು ನೋಡಿ ಗುರುತು ಹಿಡಿದು, ಅದೊಂದು ಕಾಗದವನ್ನು ಎಳೆದಳು. "ಇದನ್ನ ಓದ್ಸು."

"ಅದು ಬ್ಯಾಡ ಅಜ್ಜಿ."

"ಓದ್ಸು. ನೀನು ಓದಬ್ಯಾಡ."

ಶಿವಮೊಗ್ಗದ ಬಸ್ಸು ಟೀಗೆ ನಿಂತಿತ್ತು. ಹನುಮಂತಪ್ಪಜ್ಜ ಅದರ ಕಂಡಕ್ಟರನ್ನು ಕರೆದ. ನಮ್ಮ ಯಾರ ಪರಿಚಯವೂ ಇಲ್ಲದ ಆ ಮನುಷ್ಯ, ಟೀ ಲೋಟ ಪಕ್ಕಕ್ಕಿಟ್ಟು, ಸ್ಟಾಪಿನ ಹೆಸರು ಕೂಗುವ ದನಿಯಲ್ಲೇ ಓದಿದ. ಸೈನಿಕನ ಎಡತೊಡೆಗೆ ಶತ್ರುವಿನ ಗುಂಡು ತಗುಲಿ ಗಾಯವಾಗಿರುವುದು ದಾಖಲೆಯಲ್ಲಿದೆ. ಮೊಮ್ಮಗ ಪರಮೇಶ್ವರಪ್ಪ ತಿಳಿಸಿರುವ ಬಲಭುಜದ ಗಾಯಕ್ಕೆ ಯಾವ ಆಧಾರವೂ ಇರುವುದಿಲ್ಲ.

"ಆ ಭುಜದ್ದು ಇನ್ನೊಂದ್ಸಲ ಓದ್ರಿ" ಎಂದ ಹನುಮಂತಪ್ಪಜ್ಜ. ಕಂಡಕ್ಟರ್ ಓದಿದ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು.

"ಪರ್ಮೇಶಿ ಸುಳ್ಳು ಹಿಡಿದಾರೆ ಅಂದ್ಮೇಲೆ ಇದು ಸರ್ಕಾರದ್ದೇ ಕಾಗದ" ಎಂದು ಆತ ನಿಧಾನಕ್ಕೆ ಹೇಳಿದ. "ಭುಜದ್ದು ಸುಳ್ಳು ಅಂತ ಬರೆದೋರು ತೊಡೇದು ಯಾಕೆ ಸುಳ್ಳು ಬರೀತಾರೆ." ಆಮೇಲೆ ಅಜ್ಜ ಕೂರುತ್ತಿದ್ದ ಬೆಂಚಿನ ಕಡೆ ತಿರುಗಿದ. "ಗುಂಡು ತಗುಲಿದೋನು ಬೀಳದೆ ಏನು ಮಾಡ್ತಾನೆ. ಬಿದ್ದೆ ಅಂದ. ಹೆಂಗೆ ಬಿದ್ದೆ ಅಂತ ನಾನೇ ಕೇಳ್ಲಿಲ್ಲ." ಎದ್ದು ಹೋಗಿ, ಮಗನನ್ನು ಪಕ್ಕಕ್ಕೆ ಸರಿಸಿ, ತಾನೇ ಟೀ ಮಾಡಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟ. ಅಜ್ಜಿ ಆ ಬೆಂಚಿನ ಮೇಲೆ ಕೂತು ಪೂರ್ತಿ ಕುಡಿದಳು. "ಸಕ್ಕರೆ ಜಾಸ್ತಿ ಆತು" ಎಂದಳು. ಅಜ್ಜ ಸತ್ತ ಮೇಲೆ ಅವಳು ಆತನಿಗೆ ಆಡಿದ ಮೊದಲ ಮಾತು ಅದು.

ಆದ್ದರಿಂದ ನನ್ನ ಸಲಹೆ ಇಷ್ಟು: ನಿಮ್ಮ ಮನೆಯಲ್ಲೂ ಇಂಥ ಪದಕ ಬರಬೇಕಾಗಿದ್ದರೆ, ಅರ್ಜಿ ಕೊಡಲು ಈವರೆಗೆ ಏನನ್ನೂ ಮಾರದ ಯಾರನ್ನಾದರೂ ಕಳಿಸಿ. ಈಗ ಪದಕ ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿದೆ. ಗೋಡೆಯ ಮೇಲೆ, ಅಜ್ಜನ ಫೋಟೋ ಪಕ್ಕದಲ್ಲಿ, ನ್ಯಾಮತಿಯಲ್ಲಿ ಕಟ್ಟು ಹಾಕಿಸಿದ ಗಾಜಿನ ಹಿಂದೆ ಇರುವುದು ಆ ಕಾಗದ. ತೆಗೀರಿ ಎಂದು ನಾನು ಹೇಳಿ ನೋಡಿದೆ. ಅದೊಂದೇ ಎಲ್ಲರೂ ನಂಬೋದು ಎಂದಳು ಅಜ್ಜಿ. ಹೋದ ವಾರ ಸಾಸ್ವೆಹಳ್ಳಿಯ ಗಿರಾಕಿಯೊಬ್ಬರನ್ನು, ಚಿಕ್ಕಪ್ಪನ ಹಿತ್ತಲಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಟೀ ಬರುವವರೆಗೆ ಅವರು ಗೋಡೆಯ ಮುಂದೆ ಕೈಕಟ್ಟಿ ನಿಂತು ಮೊದಲಿಂದ ಕೊನೆಯವರೆಗೆ ಓದಿದರು. ತಿರುಗಿ, ಪರಮೇಶ್ವರಪ್ಪ ಅಂದ್ರೆ ನೀವೇ ಅಲ್ಲೇನ್ರೀ ಎಂದು ಕೇಳಿದರು. ಹೌದು ಎಂದೆ.

"ಸರಿ, ಟ್ರ್ಯಾಕ್ಟರಿನ ರೇಟು ಹೇಳ್ರಿ" ಎಂದರು. "ಭುಜ ಬಿಟ್ಟು ಹೇಳ್ರಿ."