ಭಾನುವಾರ ಹಣ್ಣಾದ ಹುಳ

ರೇಷ್ಮೆ ಹುಳಕ್ಕೆ ವಾರ ಗೊತ್ತಾಗುವುದಿಲ್ಲ. ಯೋಬಪ್ಪನ ಫಜೀತಿ ಶುರುವಾದದ್ದೇ ಅಲ್ಲಿಂದ.

ಶಿಡ್ಲಘಟ್ಟಕ್ಕೆ ಮೂರು ಮೈಲಿ ದೂರದ ಆ ಹಳ್ಳಿಯಲ್ಲಿ ಇದ್ದದ್ದು ಒಂದೇ ಕ್ರೈಸ್ತರ ಮನೆ. ಅದರ ಯಜಮಾನಿ ಯೋಬಪ್ಪನ ತಾಯಿ ಸಮಾಧಾನಮ್ಮ. ಗಂಡ ತೀರಿಕೊಂಡ ಮೇಲೆ ಅರ್ಧ ಎಕರೆ ಹಿಪ್ಪುನೇರಳೆ ತೋಟವನ್ನೂ ಮಗನನ್ನೂ ಒಬ್ಬಳೇ ಬೆಳೆಸಿದವಳು. ಬೆಳಿಗ್ಗೆ ಪ್ರಾರ್ಥನೆಗೆ ಕೂತರೆ ಬೀದಿಯ ಎಲ್ಲರ ಹೆಸರೂ ಹೇಳಿ, ಯಾರ ಎಮ್ಮೆಗೆ ಕೆಚ್ಚಲು ಬಾತಿದೆ ಎಂಬುದನ್ನೂ ಬಿಡದೆ ದೇವರಿಗೆ ಒಪ್ಪಿಸುತ್ತಿದ್ದಳು. ಊರಿನವರಿಗೆ ಅದರಲ್ಲಿ ಟಪಾಲಿಗಿಂತ ಹೆಚ್ಚು ನಂಬಿಕೆ.

ಭಾನುವಾರ ಮಾತ್ರ ಅವಳು ಕೆಲಸ ಮುಟ್ಟುತ್ತಿರಲಿಲ್ಲ. ಹುಳಕ್ಕೆ ಸೊಪ್ಪು ಹಾಕಬಹುದು, ಅದು ದಯೆ. ಹಣ್ಣಾದ, ಎಂದರೆ ನೂಲು ಬಿಡುವಷ್ಟು ಬಲಿತ, ಹುಳವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡುವುದು ಕೊಯ್ಲು. ಕೊಯ್ಲು ಕೂಡದು.

ಐವತ್ತೆಂಟನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ ಯೋಬಪ್ಪ ನೋಡುತ್ತಾನೆ, ಅಷ್ಟೂ ತಟ್ಟೆಗಳಲ್ಲಿ ಬಹುಪಾಲು ಹುಳ ಸೊಪ್ಪು ಬಿಟ್ಟು, ಮೈ ಹಳದಿಯಾಗಿ, ಜಾಗ ಹುಡುಕುತ್ತಾ ತಲೆಯೆತ್ತಿ ಆಡಿಸುತ್ತಿವೆ. ಸಂಜೆವರೆಗೆ ಬಿಟ್ಟರೆ ನೂಲೆಲ್ಲ ತಟ್ಟೆಯ ಪಾಲು, ವರ್ಷದ ದೊಡ್ಡ ಬೆಳೆ ಮಣ್ಣುಪಾಲು.

ಅವನು ತಾಯಿಯನ್ನು ಗೋಗರೆದ. ಅವಳು ತಟ್ಟೆಗಳನ್ನು ನೋಡಿದಳು. ಮುಖ ಬಾಡಿತು, ಮನಸ್ಸು ಅಲುಗಲಿಲ್ಲ.

"ಆರು ದಿನ ನಮ್ದು ಕಣಪ್ಪ, ಏಳನೇದು ದೇವರ್ದು. ಆತನ್ನೇ ಕೇಳ್ಕೊಂಡು ಬರ್ತೀನಿ," ಎಂದು ಬಿಳಿ ಸೀರೆಯುಟ್ಟು ಶಿಡ್ಲಘಟ್ಟದ ಚರ್ಚಿಗೆ ಹೊರಟಳು. ಯೋಬಪ್ಪ ತಲೆನೋವೆಂದು ಸುಳ್ಳು ಹೇಳಿ ಉಳಿದುಕೊಂಡ.

ಅವಳು ಕೆರೆ ಏರಿ ದಾಟುವುದನ್ನೇ ಕಾದಿದ್ದು ಪಕ್ಕದ ಮನೆಯ ಅಕ್ಕಯ್ಯಮ್ಮನನ್ನು ಕರೆದ. ಅಕ್ಕಯ್ಯಮ್ಮ ತಟ್ಟೆ ನೋಡಿ ಎದೆ ಬಡಿದುಕೊಂಡು, ತನ್ನ ಇಬ್ಬರು ಸೊಸೆಯರನ್ನೂ ಕೂಗಿದಳು. ಅವಳ ಹಿರಿಸೊಸೆಯ ಹೆರಿಗೆ ಕಷ್ಟವಾದಾಗ ಎರಡು ದಿನ ಕೈ ಹಿಡಿದು ಕೂತಿದ್ದವಳು ಸಮಾಧಾನಮ್ಮ. ಆ ಋಣ ಯಾರೂ ಮರೆತಿರಲಿಲ್ಲ. ಬೆಳೆ ನೋಡಿಹೋಗಲು ಬಂದ ಗೂಡಿನ ವ್ಯಾಪಾರಿ ಉಸ್ಮಾನ್ ಸಾಬರೂ ಕೋಟು ಕಳಚಿ ಗೂಟಕ್ಕೆ ತಗುಲಿಸಿ ಕೂತರು.

ಯೋಬಪ್ಪನೂ ಕೈ ಹಾಕಿದ. ಆದರೆ ಹಣ್ಣು ಹುಳವನ್ನು ಗುರುತಿಸುವ ಕಣ್ಣು ತಾಯಿಯದು, ಅವನದಲ್ಲ. ಅವನು ಆರಿಸಿದ ಕಾಯಿ ಹುಳವನ್ನೆಲ್ಲ ಅಕ್ಕಯ್ಯಮ್ಮ ಹೆಕ್ಕಿ ಹೆಕ್ಕಿ ಮೂಲೆಯ ಒಂದು ತಟ್ಟೆಗೆ ಹಾಕಿ, ಕಡೆಗೆ ಅವನನ್ನು ಚಂದ್ರಿಕೆ ಹೊರುವುದಕ್ಕೆ ಹಚ್ಚಿದಳು. ತಾಯಿಗೆ ಕಾಣಬಾರದೆಂದು ಅವನು ಅವನ್ನೆಲ್ಲ ಅಕ್ಕಯ್ಯಮ್ಮನ ಕೊಟ್ಟಿಗೆಗೇ ಸಾಗಿಸಿದ. ದಾರಿಯಲ್ಲಿ ಎರಡು ಸಲ ಎಡವಿ, ಮದುವೆ ಮನೆಯಲ್ಲಿ ಹಪ್ಪಳ ಹೊತ್ತವನಂತೆ ತುದಿಗಾಲಲ್ಲಿ ನಡೆದ.

ಹಣ್ಣು ಹುಳವೇನೋ ಸಾಗಿತು, ಖಾಲಿ ತಟ್ಟೆಗಳು ಉಳಿದವು. ಸೋಮವಾರ ಬೆಳಿಗ್ಗೆ ಏನಾದರೂ ಹೇಳಿದರಾಯಿತೆಂದು ಯೋಬಪ್ಪ ಅವುಗಳ ಮೇಲೆ ದಟ್ಟವಾಗಿ ಸೊಪ್ಪು ಹರಡಿದ. ಅಕ್ಕಯ್ಯಮ್ಮನಿಗೆ ಅದು ಸರಿಬರಲಿಲ್ಲ. ಬಾಯಿ ಬಿಟ್ಟು ಹೇಳಿಬಿಡು ಎಂದಳು. ಅವನು ಕೇಳಲಿಲ್ಲ.

ಕೊನೆಯ ತಟ್ಟೆ ಮುಚ್ಚುವ ಹೊತ್ತಿಗೆ ಬೀದಿಯಲ್ಲಿ ದಿಬ್ಬಣ ಬಂದಂಥ ಸದ್ದು. ಇಣುಕಿದರೆ ಮುಂದೆ ಸಮಾಧಾನಮ್ಮ, ಹಿಂದೆ ಅಂಗಿಯ ತೋಳು ಮಡಚಿಕೊಂಡ ಪಾದ್ರಿ ಅಯ್ಯನವರು, ಅವರ ಹಿಂದೆ ಇಪ್ಪತ್ತು ಜನ ಸಭೆಯವರು.

ನಡೆದದ್ದು ಇಷ್ಟು. ಚರ್ಚಿನಲ್ಲಿ ಅಯ್ಯನವರ ಪ್ರಸಂಗದ ನಡುವೆ ಸಮಾಧಾನಮ್ಮ ಎದ್ದು ನಿಂತು, ತನ್ನ ಸಂಕಟ ತೋಡಿಕೊಂಡು, ಏನು ಮಾಡಲೆಂದು ಅಯ್ಯನವರನ್ನೇ ಕೇಳಿದ್ದಳು. ಸಬ್ಬತ್ ಎಂಬ ವಿಶ್ರಾಂತಿ ದಿನ ಎತ್ತು ಬಾವಿಗೆ ಬಿದ್ದರೆ ಯಾರೂ ಸೋಮವಾರದವರೆಗೆ ಕಾಯುವುದಿಲ್ಲ, ಹುಳವೂ ಹಾಗೇ ಎಂದು ಅವರು ಪುಸ್ತಕ ಮುಚ್ಚಿದ್ದರು. ಬಾವಿಯಿಂದ ಎತ್ತನ್ನು ಎತ್ತಲು ಇಡೀ ಸಭೆಯೇ ಹೊರಟು ಬಂದಿತ್ತು.

ಸಮಾಧಾನಮ್ಮ ಸಂತೋಷದಿಂದ ಒಂದು ತಟ್ಟೆಯ ಸೊಪ್ಪು ಸರಿಸಿದಳು. ಇನ್ನೊಂದು ತಟ್ಟೆ. ಮತ್ತೊಂದು. ಯೋಬಪ್ಪ ಮುದ್ದೆ ಕೋಲಿನಂತೆ ನಿಂತಿದ್ದ. ಅಕ್ಕಯ್ಯಮ್ಮನೇ ಅವಳ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದು ತೋರಿಸಿದಳು. ಹುಳಗಳು ಆಗಲೇ ನೂಲು ಬಿಡಲು ತೊಡಗಿದ್ದವು.

ಸಮಾಧಾನಮ್ಮ ಅಕ್ಕಯ್ಯಮ್ಮನಿಗೂ ಸಾಬರಿಗೂ ಕೈಮುಗಿದಳು. ಕಣ್ಣಲ್ಲಿ ನೀರಿತ್ತು. "ನಾನು ಕೇಳೋಕೆ ಮುಂಚೆನೇ ದೇವರು ನಿಮ್ಮನ್ನ ಕಳಿಸಿದ್ನಲ್ಲ." ಆಮೇಲೆ ಮಗನ ಕಡೆ ತಿರುಗಿದಳು. "ಕೆಲಸ ಮಾಡಿದ್ದಕ್ಕೆ ನಂಗೆ ಬೇಜಾರಿಲ್ಲಪ್ಪ. ಖಾಲಿ ತಟ್ಟೆಗೆ ಸೊಪ್ಪು ಹೊದಿಸಿದ್ಯಲ್ಲ, ಅದು ಯಾರು ತಿನ್ಲಿ ಅಂತ?"

ಯೋಬಪ್ಪ ತಟ್ಟೆಗಳ ಸೊಪ್ಪು ಬಾಚಲು ಮನೆಗೆ ಓಡಿದ.

ಬಂದವರಿಗೆ ಈಗ ಕೆಲಸವಿಲ್ಲ. ಸಮಾಧಾನಮ್ಮ ಅಂಗಳದಲ್ಲಿ ಚಾಪೆ ಹಾಸಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅಯ್ಯನವರು ಕುಡಿದು ಬಾಯೊರೆಸಿಕೊಂಡು, ಪ್ರಸಂಗ ಅರ್ಧಕ್ಕೇ ನಿಂತಿದೆ, ಯೋಬಪ್ಪನಂತೂ ಕೇಳೇ ಇಲ್ಲ, ಮೊದಲಿನಿಂದ ಹೇಳಿಬಿಡೋಣ ಎಂದು ಮತ್ತೆ ಪುಸ್ತಕ ತೆರೆದರು. ತಾಯಿ ಮಗನನ್ನು ಎಲ್ಲರಿಗಿಂತ ಮುಂದೆ ಕೂರಿಸಿದಳು. ಅಕ್ಕಯ್ಯಮ್ಮ, ಸೊಸೆಯರು, ಸಾಬರು ಸಹ ಕೂತರು.

ಅಂದಿನ ಪಾಠ, ದೇವರ ಮುಂದೆ ಸುಳ್ಳು ಹೇಳಿ ನಿಂತ ನಿಲುವಿನಲ್ಲೇ ಸತ್ತುಬಿದ್ದ ಗಂಡಹೆಂಡಿರ ಕತೆ.

ಉಸ್ಮಾನ್ ಸಾಬರು ಕುತೂಹಲ ತಡೆಯಲಾರದೆ ಮುಂದಕ್ಕೆ ಸರಿದರು. "ಎಷ್ಟೊತ್ತಿಗೆ ಸತ್ತ ಅಯ್ಯನೋರೇ, ಆ ಮನುಷ್ಯ?"

"ತಕ್ಷಣ," ಎಂದರು ಅಯ್ಯನವರು, ಯೋಬಪ್ಪನ ಮುಖವನ್ನೇ ನೋಡುತ್ತಾ.