ಅತ್ತೆಯ ಅರ್ಥಿಂಗು

ಹೊಸದಾಗಿ ಮನೆಗೆ ಬಂದ ಸೊಸೆಗೆ ಅತ್ತೆಯರು ಪೆಟ್ಟಿಗೆ ತೆಗೆದು ಒಡವೆ ತೋರಿಸುತ್ತಾರಂತೆ. ನಮ್ಮ ಅತ್ತೆಯೂ ಪೆಟ್ಟಿಗೆ ತೆಗೆದರು. ಒಳಗಿದ್ದದ್ದು ಸ್ಕ್ರೂಡ್ರೈವರುಗಳು! ಚಿಕ್ಕದು, ದೊಡ್ಡದು, ಹಿಡಿ ಮುರಿದದ್ದು, ತುದಿ ಸವೆದದ್ದು. ಜೊತೆಗೊಂದು ಇಕ್ಕಳ, ನಾಲ್ಕಾರು ಬಣ್ಣದ ಟೇಪು, ಎರಡು ಕಡ್ಡಿ ತಾಗಿಸಿದರೆ ಪೀಂ ಎನ್ನುವ ಒಂದು ಮೀಟರು. "ಇವೆಲ್ಲಾ ನನ್ನವು" ಎಂದು ಹೆಮ್ಮೆಯಿಂದ ಹೇಳಿ ಮುಚ್ಚಳ ಹಾಕಿದರು. ಮೈಸೂರಿನಿಂದ ಹೊರಡುವಾಗ ನನ್ನಮ್ಮ "ಅತ್ತೆಯ ಅಡುಗೆ ರುಚಿ ಹೊಗಳು" ಎಂದೆಲ್ಲ ಪಾಠ ಮಾಡಿ ಕಳಿಸಿದ್ದರು. ಇಕ್ಕಳವನ್ನು ಹೇಗೆ ಹೊಗಳುವುದೆಂದು ಹೇಳಿಕೊಟ್ಟಿರಲಿಲ್ಲ.

ಅತ್ತೆ ವಿಜಯಪುರದ ಕಡೆಯವರು. ಪುಣೆಗೆ ಬಂದು ಎಷ್ಟೋ ವರ್ಷವಾಗಿದೆ. ಮೀನಿನ ಮಾರ್ಕೆಟ್ಟಿನ ಮರಾಠಿಯಿಂದ ಹಿಡಿದು ಬ್ಯಾಂಕಿನ ಮರಾಠಿಯವರೆಗೆ ಎಲ್ಲವೂ ಬರುತ್ತದೆ. ಆದರೆ ವಿದ್ಯುತ್ತನ್ನು ಅವರಿಗೆ ಯಾರೂ ಕಲಿಸಿಲ್ಲ. ಅವರು ಕಲಿತದ್ದೆಲ್ಲ ಕೆಡಿಸಿ ಕಲಿತದ್ದು. ಕಲಿಕೆಯ ಖರ್ಚು ನಮ್ಮದು! ಒಮ್ಮೆ ಬಾಗಿಲ ಗಂಟೆ ರಿಪೇರಿ ಮಾಡಿದರು. ಆಮೇಲೆ ಬಚ್ಚಲಮನೆಯ ದೀಪ ಹಾಕಿದಾಗಲೆಲ್ಲ ಗಂಟೆ ಬಾರಿಸತೊಡಗಿತು. ಮನೆಯವರು ಸ್ನಾನಕ್ಕೆ ಹೋದರೆ ನಾನು ಬಾಗಿಲು ತೆಗೆಯಲು ಓಡುತ್ತಿದ್ದೆ. "ಗಂಟಿ ಬಾರಸ್ತದೋ ಇಲ್ಲೋ? ಅಷ್ಟ ಸಾಕು" ಎಂದರು ಅತ್ತೆ. ಅವರ ಪಾಲಿಗೆ ಕೆಲಸ ಮುಗಿದಿತ್ತು.

ಇಂಥವರಿರುವ ಮನೆಯಲ್ಲಿ ವಾಷಿಂಗ್ ಮಷಿನ್ ಕೆಡಬೇಕೆ?

ಬಚ್ಚಲ ಬಾಗಿಲ ಪಕ್ಕದಲ್ಲಿರುವ ಅದಕ್ಕೆ ಮೊದಲಿನಿಂದಲೂ ಬಟ್ಟೆ ಹಿಂಡುವಾಗ ಕುಣಿಯುವ ಚಟ. ಧಡಧಡ ಎಂದು ಜಾಗ ಬಿಟ್ಟು ಹೊರಡುತ್ತದೆ. ನಾನು ಲ್ಯಾಪ್‌ಟಾಪ್ ಬಿಟ್ಟು ಎದ್ದು ಹೋಗಿ ಅದನ್ನು ಅದುಮಿ ಹಿಡಿಯಬೇಕು. ಒಂದು ಬೆಳಿಗ್ಗೆ ಹಾಗೆ ಹಿಡಿದೆ ನೋಡಿ, ಮೊಣಕೈವರೆಗೆ ಜುಮ್ಮೆಂದಿತು. ಕೈ ತಾನಾಗಿಯೇ ಹಿಂದಕ್ಕೆ ಹಾರಿತು.

"ಅತ್ತೆ, ಮಷಿನ್ ಶಾಕ್ ಹೊಡೀತಿದೆ!"

ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. "ಏನ್ ಹಾಕಿದ್ದಿ ಅದರಾಗ?"

"ಬಟ್ಟೆ."

"ಯಾವ ಬಟ್ಟಿ?"

"ನಿಮ್ಮ ಮಗನ ಪ್ಯಾಂಟು."

"ಹಂ..." ಎಂದರು, ರೋಗಿ ಹಿಂದಿನ ದಿನ ಬಜ್ಜಿ ತಿಂದದ್ದನ್ನು ಒಪ್ಪಿಕೊಂಡಾಗ ಡಾಕ್ಟರು ಎನ್ನುವಂತೆ. ಸೊಪ್ಪು ಅಲ್ಲೇ ಉಳಿಯಿತು. ಪೆಟ್ಟಿಗೆ ಬಂತು. ಅವತ್ತು ಊಟಕ್ಕೆ ಬರೀ ಮೊಸರನ್ನ ಎಂದು ನನಗೆ ಆಗಲೇ ಗೊತ್ತಾಯಿತು.

ಮಷಿನ್ ಬಿಚ್ಚುತ್ತಾರೆಂದುಕೊಂಡರೆ ಅವರು ಮೇನ್ ಸ್ವಿಚ್ ಆಫ್ ಮಾಡಿ ಬಿಚ್ಚಿದ್ದು ಗೋಡೆಯನ್ನು! ಎಂದರೆ ಗೋಡೆಯಲ್ಲಿದ್ದ ಪ್ಲಗ್ಗಿನ ಪೆಟ್ಟಿಗೆಯನ್ನು. ಒಳಗೆ ಇಣುಕಿ ಗೆದ್ದವರಂತೆ ನಕ್ಕರು.

"ನೋಡಿಲ್ಲಿ, ಅರ್ಥಿಂಗ್ ವೈರು ಗ್ವಾಡ್ಯಾಗ ಮಲಕೊಂಡದ. ಬಣ್ಣಾ ಹಚ್ಚಾವ್ರು ಬಿಚ್ಚಿ, ಹಂಗ ಬಿಟ್ಟು ಹೋಗ್ಯಾರ. ದಾರಿ ತಪ್ಪಿದ ಕರೆಂಟು ಈ ವೈರಿನಾಗಿಂದ ನೆಲಕ್ಕ ಇಳೀಬೇಕು. ಇದು ಇಲ್ಲಂದ್ರ ನಿನ್ನ ಮ್ಯಾಲ ಹಾಯ್ದು ಇಳೀತದ."

ಹಸಿರು ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿ ಬಿಗಿ ಮಾಡಿದರು. ಮಷಿನ್ ಹಾಕಿದೆವು. ನೀರು ತುಂಬಿತು, ಒಗೆಯಿತು, ಜಾಲಿಸಿತು. ನಾನು ಒಳಗೆ ಹೋಗಿ ಆಫೀಸಿನ ಮೀಟಿಂಗಿಗೆ ಕೂತೆ. ಹಿಂಡಲು ಶುರುವಾದದ್ದೇ ತಡ, ಟಪ್! ಮೇನ್ ಸ್ವಿಚ್ ತಾನೇ ಬಿದ್ದು ಇಡೀ ಮನೆಯ ಕರೆಂಟು ಹೋಯಿತು. ಜೊತೆಗೆ ಇಂಟರ್ನೆಟ್ಟೂ ಹೋಯಿತು, ನಾನೂ ಮೀಟಿಂಗಿನಿಂದ ಮಾಯವಾದೆ. ಅತ್ತೆ ಮತ್ತೆ ಮೇನ್ ಎತ್ತಿದರು, ಮತ್ತೆ ಹಿಂಡಿಸಿದರು, ಮತ್ತೆ ಟಪ್. "ನಿಮ್ಮ ಏರಿಯಾದಲ್ಲಿ ಕರೆಂಟ್ ಪ್ರಾಬ್ಲಮ್ ಜಾಸ್ತಿನಾ?" ಎಂದು ಮ್ಯಾನೇಜರು ಕನಿಕರದಿಂದ ಕೇಳಿದರು. ಹೌದು ಎಂದೆ. ಪ್ರಾಬ್ಲಮ್ಮು ಮೆಂತ್ಯೆ ಸೊಪ್ಪು ಬಿಟ್ಟು ಎದ್ದು ಬಂದಿದೆ ಎಂದು ಹೇಗೆ ಹೇಳುವುದು?

ಸಂಜೆ ಚಾಕಣದ ಕಾರ್ಖಾನೆಯಿಂದ ನನ್ನ ಗಂಡ ಬಂದರು. ಒದ್ದೆ ಬಟ್ಟೆಯ ರಾಶಿ ನೋಡಿದರು.

"ಅವ್ವಾ, ಏನ್ ಮಾಡಿಟ್ಟಿ? ಮೊದಲ ಮಷಿನ್ ಒಂದ ಕೆಟ್ಟಿತ್ತು. ಈಗ ಮನೀನ ಕೆಟ್ಟದ!"

"ಕೆಟ್ಟಿಲ್ಲೋ, ಸುಧಾರಿಸೇದ. ಮೊದಲ ನಿನ್ನ ಹೆಂಡ್ತೀನ್ನ ಹೊಡೀತಿತ್ತು. ಈಗ ಕರೆಂಟು ನೆಲಕ್ಕಿಳದು ಬರೇ ದೀಪ ಆರಸ್ತದ. ಯಾವ್ದು ಚಲೋ, ನೀನ ಹೇಳು?"

ಈ ಪ್ರಶ್ನೆಗೆ ನನ್ನ ಗಂಡ ಸ್ವಲ್ಪ ಹೊತ್ತು ಯೋಚಿಸಿದ್ದು ನನಗೆ ಹಿಡಿಸಲಿಲ್ಲ!

ಮರುದಿನ ಅವರೇ ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿದರು. ಅವನು ಮಷಿನ್ನಿನ ಮುಂದೆ ನಿಂತು, ಅದನ್ನು ಮುಟ್ಟದೆಯೇ, "ಮಾವಶಿ, ಬೋರ್ಡ್ ಗೇಲಾ. ನವೀನ್ ಘ್ಯಾ" ಎಂದ. ಬೋರ್ಡು ಹೋಗಿದೆ, ಹೊಸ ಮಷಿನ್ ಕೊಳ್ಳಿ ಎಂದು. ಬೋರ್ಡು ಹೋಗಿದ್ದರೆ ಒಗೆಯುವಾಗ ಸುಮ್ಮನಿದ್ದು ಹಿಂಡುವಾಗ ಮಾತ್ರ ಯಾಕೆ ಹೀಗಾಗುತ್ತದೆ ಎಂದು ಅತ್ತೆ ಮರಾಠಿಯಲ್ಲಿ ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಅತ್ತೆ ಅವನಿಗೆ ಚಹಾ ಕೊಟ್ಟು, ಬಿಸ್ಕತ್ತು ಕೊಟ್ಟು, ಇನ್ನೊಮ್ಮೆ ಬರಬೇಡ ಎಂದು ಹೇಳಿ ಕಳಿಸಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸೊಂಟ ಹಿಡಿಯುತ್ತದೆ. ಗಂಡನ ಕಾರ್ಖಾನೆಯ ಜಿಡ್ಡಿನ ಬಟ್ಟೆ, ಹಾಸಿಗೆಯ ಚಾದರ, ಎಲ್ಲ ಬಚ್ಚಲಲ್ಲಿ ಕೂತು ಕೈಯಲ್ಲಿ ಒಗೆದೆ. ಬಾಲ್ಕನಿಯ ಹಗ್ಗದಲ್ಲಿ ನೀರಿಳಿಯುವ ಪ್ಯಾಂಟುಗಳ ಕೆಳಗೆ ಕೂತು ಆಫೀಸಿನ ಕೆಲಸ ಮಾಡಿದೆ. ಹೊಸದು ತರೋಣ ಎಂದು ಗಂಡ ಹೇಳಿದಾಗಲೆಲ್ಲ ನನ್ನ ಕಣ್ಣು ಸಂತೋಷಕ್ಕೆ ತುಂಬಿ ಬರುತ್ತಿತ್ತು. "ರೋಗ ಏನಂತ ತಿಳೀದ ಹೊರಗ ಹಾಕೋದು ಬ್ಯಾಡ" ಎಂದು ಅತ್ತೆ ಅಡ್ಡ ನಿಲ್ಲುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ನಿಮಗೆ ಇದು ಆಟ ಅತ್ತೆ. ನನ್ನ ಕೈ ನೋಡಿ!" ಎಂದುಬಿಟ್ಟೆ. ಬೆರಳುಗಳು ಸೋಪಿಗೆ ಸುಲಿದಿದ್ದವು. ಅತ್ತೆ ನನ್ನ ಕೈ ನೋಡಿದರು, ಆಮೇಲೆ ಮಷಿನ್ ನೋಡಿದರು. ನನಗೆ ಸಿಟ್ಟು ಇನ್ನೂ ಏರಿತು.

ಭಾನುವಾರ ತಿಂಡಿಯಾದ ಮೇಲೆ ಕರೆದರು. "ಬಾ ಇಲ್ಲಿ. ಅಲುಗಾಡಿದಾಗ ಮಾತ್ರ ಬ್ಯಾನಿ ಬರ್ತದ ಅಂದ್ರ ಅಲುಗಾಡಿಸೇ ನೋಡಬೇಕು."

ಪ್ಲಗ್ಗು ಕಿತ್ತು, ಮಷಿನ್ನಿನ ಬೆನ್ನಿನ ತಗಡು ಬಿಚ್ಚಿದರು. ಮೋಟರಿಗೆ ಹೋಗುವ ವೈರುಗಳ ಗಂಟನ್ನು ಬಿಡಿಸಿ, ಮೀಟರಿನ ಒಂದು ಕಡ್ಡಿಯನ್ನು ಆ ವೈರುಗಳಿಗೆ ಒಂದೊಂದಾಗಿ ಹಿಡಿದರು, ಇನ್ನೊಂದನ್ನು ಮಷಿನ್ನಿನ ಮೈಗೆ ಒತ್ತಿಕೊಂಡರು. ನನ್ನ ಕೆಲಸ, ಒಳಗಿನ ಡ್ರಮ್ಮನ್ನು ಕೈಯಿಂದ ಅತ್ತಿತ್ತ ತಳ್ಳುವುದು.

"ತಳ್ಳು. ಎಡಕ್ಕ. ಇನ್ನೂ ಎಡಕ್ಕ. ಹೊಟ್ಟಿಗಿ ಅನ್ನಾ ತಿಂದಿಯಿಲ್ಲೋ? ಜೋರು ತಳ್ಳು!"

ಸಿಟ್ಟೆಲ್ಲ ಸೇರಿಸಿ ತಳ್ಳಿದೆ. ಪೀಂ ಎಂದಿತು!

ಬಿಟ್ಟೆ. ಸದ್ದು ನಿಂತಿತು. ಮತ್ತೆ ತಳ್ಳಿದೆ. ಪೀಂ!

ಅತ್ತೆ ಟಾರ್ಚು ಹಿಡಿದು ತಲೆ ಒಳಗೆ ತೂರಿಸಿದರು. ಒಂದು ಕ್ಲಿಪ್ಪು ಮುರಿದು, ವೈರುಗಳ ಕಟ್ಟು ಜೋತುಬಿದ್ದಿತ್ತು. ಡ್ರಮ್ಮು ಕುಣಿದಾಗಲೆಲ್ಲ ಆ ಕಟ್ಟು ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಸವೆದುಹೋಗಿತ್ತು. ಒಳಗಿನ ತಾಮ್ರ ಉಗುರಿನಷ್ಟು ಹೊಳೆಯುತ್ತಿತ್ತು. ಇಷ್ಟೇ! ಇಷ್ಟಕ್ಕೆ ನನ್ನ ಸೊಂಟ!

ಆದರೂ ಸುಳ್ಳೇಕೆ, ನಾವಿಬ್ಬರೂ ಆ ತಾಮ್ರವನ್ನು ಕೂಸಿನ ಮೊದಲ ಹಲ್ಲು ಕಂಡವರಂತೆ ನೋಡಿದೆವು. ಅತ್ತೆ ಸವೆದ ಜಾಗಕ್ಕೆ ಟೇಪು ಸುತ್ತಿದರು, ಕಟ್ಟಿಗೆಲ್ಲ ಪ್ಲಾಸ್ಟಿಕ್ ಕೊಳವೆ ತೊಡಿಸಿದರು, ಅಂಚಿಗೆ ತಾಗದಂತೆ ದೂರಕ್ಕೆ ಎಳೆದು ಕಟ್ಟಿದರು. ನಾನು ಮತ್ತೆ ತಳ್ಳಿದೆ. ಮೀಟರು ಬಾಯಿ ಬಿಡಲಿಲ್ಲ. ತಗಡು ಮುಚ್ಚಿದ ಮೇಲೆ ಎರಡು ಸ್ಕ್ರೂ ಮಿಕ್ಕಿದವು. ನಾನು ಅವುಗಳನ್ನು ನೋಡಿದ್ದನ್ನು ನೋಡಿ ಅತ್ತೆ ಸುಮ್ಮನೆ ಜೇಬಿಲ್ಲದ ಸೀರೆಯ ಸೆರಗಿಗೆ ಕಟ್ಟಿಕೊಂಡರು.

ತುಂಬಾ ಬಟ್ಟೆ ಹಾಕಿ ಮಷಿನ್ ಚಾಲೂ ಮಾಡಿದೆವು. ಒಗೆಯುವವರೆಗೂ ಇಬ್ಬರೂ ಬಚ್ಚಲ ಬಾಗಿಲಲ್ಲೇ ಕೂತೆವು. ಹಿಂಡಲು ಶುರುವಾಯಿತು. ದೀಪ ಆರಲಿಲ್ಲ. ಧಡಧಡ ಎಂದು ಕುಣಿಯುತ್ತ ಮುಂದಕ್ಕೆ ಹೊರಟಿತು. ನಾನು ಎದ್ದು ಹಿಡಿಯಲು ಹೋದೆ. ಅತ್ತೆ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ತಡಿ."

ಪೆಟ್ಟಿಗೆಯ ಟೆಸ್ಟರನ್ನು ಮಷಿನ್ನಿನ ಮೈಗೆ ಇಟ್ಟು ನೋಡಿದರು. ಅದರ ದೀಪ ಹತ್ತಲಿಲ್ಲ. ಆಮೇಲೆ ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿದರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕೈಯ ಹಿಂಬದಿಯನ್ನು ಮಷಿನ್ನಿಗೆ ಆನಿಸಿದರು.

"ಅತ್ತೆ, ಏನು ಮಾಡ್ತಿದ್ದೀರಾ? ಚಪ್ಪಲಿ ಹಾಕ್ಕೊಳ್ಳಿ! ಶಾಕ್ ಹೊಡೆದ್ರೆ?"

"ಚಪ್ಪಲ್ ಹಾಕ್ಕೊಂಡ್ರ ತಿಳಿಯೂದಿಲ್ಲ. ನೀ ನಾಳೆ ಬರಿಗಾಲಾಗ ಬಂದು ಹಿಡದ್ರ?"

"ನಾನೇ ನೋಡ್ತಿದ್ದೆನಲ್ಲ!"

ಅತ್ತೆ ನನ್ನತ್ತ ತಿರುಗಲಿಲ್ಲ. ಮಷಿನ್ನಿನ ಜೊತೆ ಅವರ ಕೈಯೂ ಬಳೆಯೂ ನಡುಗುತ್ತಿದ್ದವು. "ನನಗ ಹೊಡದ್ರ ನೀ ಓಡಿ ಹೋಗಿ ಮೇನ್ ಆಫ್ ಮಾಡ್ತೀ. ನಿನಗ ಹೊಡದ್ರ ಈ ಮಣಕಾಲು ಕಟಗೊಂಡು ನಾ ಅಲ್ಲೀ ತನಕ ಓಡ್ಲಿಕ್ಕೆ ಆಗ್ತದೇನು, ತಂಗಿ?"

ಮಷಿನ್ ಪೂರ್ತಿ ಹಿಂಡಿ ಮುಗಿಸಿ ತಣ್ಣಗೆ ನಿಲ್ಲುವವರೆಗೂ ಅವರು ಕೈ ತೆಗೆಯಲಿಲ್ಲ. ನಾನು ಮೇನ್ ಸ್ವಿಚ್ಚಿನ ಕೆಳಗೆ ಹೋಗಿ, ಕೈ ಎತ್ತಿ ಹಿಡಿದು, ಅವರನ್ನೇ ನೋಡುತ್ತ ನಿಂತಿದ್ದೆ.